ಪ್ರೈಮರಿ ಶಾಲೆಗೆ ಕೌನ್ಸೆಲರ್ ಆಗಿ ಸೇರಿದ್ದೀರಾ? ಮೊದಲ ವರ್ಷ ಹೀಗೆ ಶುರು ಮಾಡಿ

ಮೊದಲ ಸಂಬಳ ಬಂದ ತಕ್ಷಣ ಪೆನ್ಸಿಲ್ ಚೂಪು ಮಾಡುವ ಒಂದು ಮೆಂಡರ್ ತಗೊಳ್ಳಿ. ಕಂಪಾಸ್ ಬಾಕ್ಸಿನಲ್ಲಿ ಇಡುವ ಚಿಕ್ಕದಲ್ಲ, ಮೇಜಿಗೆ ಬಿಗಿದು ಹಿಡಿ ತಿರುಗಿಸುವ ದೊಡ್ಡದು. ನಾನು ದಾವಣಗೆರೆಯ ಒಂದು ಶಾಲೆಯಲ್ಲಿ ಒಂಬತ್ತು ವರ್ಷದಿಂದ ಆಪ್ತಸಮಾಲೋಚಕಿ. ವಾರಕ್ಕೆ ಎರಡು ದಿನ ಅದೇ ಆಡಳಿತ ಮಂಡಳಿಯ ಇನ್ನೊಂದು ಶಾಲೆಗೆ, ಜಗಳೂರು ಕಡೆಯ ಹಳ್ಳಿಗೆ, ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಎರಡೂ ಕಡೆ ನನ್ನ ಮೇಜಿನ ಮೇಲೆ ಮೆಂಡರ್ ಇದೆ.

ಮೂರನೇ ಕ್ಲಾಸಿನ ಒಬ್ಬ ಹುಡುಗ ದಿನಾ ಇಂಟರ್‌ವಲ್‌ನಲ್ಲಿ ಬರುತ್ತಿದ್ದ. "ಮಿಸ್, ಪೆನ್ಸಿಲ್ ಚೂಪು ಮಾಡ್ಕೊಂಡು ಹೋಗ್ಲಾ?" ಅನ್ನುತ್ತಿದ್ದ. ತಿರುಗಿಸುತ್ತಿದ್ದ, ಹೋಗುತ್ತಿದ್ದ. ನಾನು ಏನೂ ಕೇಳುತ್ತಿರಲಿಲ್ಲ. ಐದಾರು ದಿನದಲ್ಲಿ ಆ ಪೆನ್ಸಿಲ್ ಹೆಬ್ಬೆರಳಿನಷ್ಟಾಯಿತು, ಮೆಂಡರಿನ ಬಾಯಿಗೆ ಹಾಕಿದರೆ ಹಿಡಿಯಲೂ ಸಿಗುತ್ತಿರಲಿಲ್ಲ. ಆವತ್ತು ಹಿಡಿಯ ಮೇಲೆ ಕೈ ಇಟ್ಟುಕೊಂಡೇ, ನನ್ನ ಕಡೆ ನೋಡದೆ ಕೇಳಿದ: "ಮಿಸ್, ತವರು ಅಂದ್ರೆ ಯಾವ ಊರು? ಬಸ್ ಹೋಗ್ತೈತಾ?"

ಮನೆಯಲ್ಲಿ ಜಗಳ ಆಗಿ ಅವನ ಅವ್ವ ಚಿಕ್ಕ ಮಗಳನ್ನು ಎತ್ತಿಕೊಂಡು ಹೋಗಿ ಹದಿನೈದು ದಿನ ಆಗಿತ್ತು. ದೊಡ್ಡವರೆಲ್ಲ ಅವನ ಎದುರಿಗೇ "ತವರಿಗೆ ಹೋಗ್ಯಾಳೆ, ಇನ್ನು ತವರಲ್ಲೇ ಇರ್ತಾಳಂತೆ" ಅಂತ ಮಾತಾಡಿಕೊಂಡಿದ್ದರು. ಅವನಿಗೆ ಗೊತ್ತಿದ್ದದ್ದು ಅಜ್ಜಿ ಊರು. ತವರು ಅನ್ನುವ ಊರು ಎಲ್ಲಿದೆಯೋ ಅವನಿಗೆ ಗೊತ್ತಿರಲಿಲ್ಲ. "ತವರು ಅಂದ್ರೆ ನಿಮ್ಮ ಅಜ್ಜಿ ಮನೆನೇ ಕಣೋ" ಅಂದೆ. ಬಿಗಿಹಿಡಿದಿದ್ದ ಅವನ ಭುಜ ಇಳಿದದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಇದೇ ಹುಡುಗನನ್ನು ಕರೆದು ಕೂರಿಸಿ "ಏನಪ್ಪಾ ನಿನ್ನ ಸಮಸ್ಯೆ" ಅಂತ ಕೇಳಿದ್ದರೆ "ಏನಿಲ್ಲ ಮಿಸ್" ಅಂದು ಹೋಗಿಬಿಡುತ್ತಿದ್ದ. ಪ್ರೈಮರಿ ಮಕ್ಕಳು ಸಮಸ್ಯೆ ಹಿಡಿದುಕೊಂಡು ಬರುವುದಿಲ್ಲ, ನೆಪ ಹಿಡಿದುಕೊಂಡು ಬರುತ್ತಾರೆ. ಬರಲು ಒಂದು ನೆಪ, ಬಂದ ಮೇಲೆ ಕೈಗೆ ಒಂದು ಕೆಲಸ, ಪಕ್ಕದಲ್ಲಿ ಅವಸರ ಇಲ್ಲದ ಒಬ್ಬ ದೊಡ್ಡವರು. ಮೊದಲ ವರ್ಷ ಇಷ್ಟನ್ನು ಕಟ್ಟಿಕೊಂಡರೆ ಉಳಿದದ್ದಕ್ಕೆ ದಾರಿ ಸಿಗುತ್ತದೆ.

ಮೊದಲ ವಾರ: ಹೆಡ್‌ಮಿಸ್ ಹತ್ತಿರ ಮಾತಾಡಿಕೊಳ್ಳಿ

ಶಾಲೆಯಲ್ಲಿ ಕೌನ್ಸೆಲರ್ ಅಂದರೆ ಬುದ್ಧಿ ಹೇಳುವವರು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಗಲಾಟೆ ಮಾಡಿದವನನ್ನು ಕಿವಿ ಹಿಡಿದು ನಿಮ್ಮ ಬಾಗಿಲಿಗೆ ತಂದು ಬಿಡುತ್ತಾರೆ, "ಇವನಿಗೊಂಚೂರು ಹೇಳ್ರಿ ಮೇಡಂ" ಅಂತ. ಇದನ್ನು ಮೊದಲ ವಾರವೇ ನಿಲ್ಲಿಸದಿದ್ದರೆ ನಿಮ್ಮ ರೂಮು ಶಿಕ್ಷೆಯ ರೂಮಾಗುತ್ತದೆ, ಆಮೇಲೆ ಯಾವ ಮಗುವೂ ತಾನಾಗಿ ಆ ಕಡೆ ಸುಳಿಯುವುದಿಲ್ಲ, ಯಾಕೆಂದರೆ ನಿಮ್ಮ ಹತ್ತಿರ ಹೋದವನು ತಪ್ಪು ಮಾಡಿದವನು ಅಂತ ಇಡೀ ಕ್ಲಾಸಿಗೆ ಗೊತ್ತಾಗಿರುತ್ತದೆ.

ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಹೆಡ್‌ಮಿಸ್ ಎದುರು ಕೂತು ಮಾತಾಡಿ. ನಾನು ಮಾಡುವುದು: ಎಲ್ಲ ಕ್ಲಾಸಿಗೂ ಹದಿನೈದು ದಿನಕ್ಕೊಂದು ಪೀರಿಯಡ್, ಒಬ್ಬೊಬ್ಬ ಮಗುವಿನ ಜೊತೆ ಮಾತು, ಟೀಚರ್‌ಗಳ ಜೊತೆ, ಮನೆಯವರ ಜೊತೆ ಮಾತು, ಬೇಕಾದರೆ ಆಸ್ಪತ್ರೆಗೋ ಮಕ್ಕಳ ರಕ್ಷಣಾ ಘಟಕಕ್ಕೋ ದಾರಿ ತೋರಿಸುವುದು. ಮಾಡದಿರುವುದು: ಶಿಕ್ಷೆ ಕೊಡುವುದು, ಫೀಸ್ ಬಾಕಿ ಕೇಳಲು ಫೋನ್ ಮಾಡುವುದು, ರಜೆ ಹಾಕಿದ ಟೀಚರ್ ಬದಲಿಗೆ ದಿನಾ ಕ್ಲಾಸಿಗೆ ಹೋಗುವುದು. ಕೊನೆಯದಕ್ಕೆ ಪೂರ್ತಿ ಇಲ್ಲ ಅನ್ನಲು ಆಗುವುದಿಲ್ಲ, ನನಗೂ ಆಗಿಲ್ಲ. ವಾರಕ್ಕೆ ಎರಡು ಪೀರಿಯಡ್ ಅಂತ ಗಡಿ ಹಾಕಿಕೊಳ್ಳಿ.

ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರು ಇರಬೇಕು ಅನ್ನುತ್ತದೆ. ನನ್ನ ಪಾಲಿಗೆ ಎರಡೂ ಶಾಲೆ ಸೇರಿ ಸುಮಾರು 900 ಮಕ್ಕಳಿದ್ದಾರೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲೆಗಳಿಗೆ ಕೌನ್ಸೆಲರ್ ಬೇಕು ಅಂತ ಹೇಳಿದೆ, ಆದರೂ ಹೆಚ್ಚಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಈ ಕೆಲಸ ಟೀಚರ್ ಮೇಲೇ ಬೀಳುತ್ತದೆ. ಹಾಗಾಗಿ ನೀವು ಟೀಚರ್ ಆಗಿದ್ದುಕೊಂಡೇ ಇದನ್ನೂ ನೋಡಿಕೊಳ್ಳುವವರಾಗಿದ್ದರೆ, ಇಲ್ಲಿರುವುದರಲ್ಲಿ ಆದಷ್ಟು ಮಾಡಿ. ಮೆಂಡರ್ ನಿಮ್ಮ ಮೇಜಿನ ಮೇಲೂ ಇರಬಹುದು, ಅಲ್ವಾ?

ರೂಮಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಚಾಪೆ, ಕಿಟಕಿ, ಒಂದು ಡಬ್ಬಿ ಕ್ರೇಯಾನ್ ಇದ್ದರೆ ಸಾಕು. ಒಂದೇ ನಿಯಮ: ಹೊರಗಿನಿಂದ ಕಾಣಬೇಕು, ಹೊರಗೆ ಕೇಳಬಾರದು. ಬಾಗಿಲು ಅರ್ಧ ತೆರೆದೇ ಇರಲಿ, ಇದು ಮಗುವಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಹಳ್ಳಿ ಶಾಲೆಯಲ್ಲಿ ನನಗೆ ರೂಮಿಲ್ಲ, ಹಿಂದಿನ ಬೇವಿನ ಮರದ ಕಟ್ಟೆಯೇ ರೂಮು. ಅಲ್ಲಿ ಮಕ್ಕಳು ಇನ್ನೂ ಸಲೀಸಾಗಿ ಮಾತಾಡುತ್ತಾರೆ.

"ಬೇಜಾರು" ಅನ್ನುವ ಒಂದೇ ಮಾತು

ಕ್ಲಾಸಿಗೆ ಹೋದಾಗ ಏನು ಮಾಡಬೇಕು ಅಂತ ಹೊಸಬರು ತುಂಬಾ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹತ್ತು ಜೀವನ ಕೌಶಲಗಳ ಪಟ್ಟಿ ನಿಮಗೆ ಕಾಲೇಜಿನಲ್ಲಿ ಬಾಯಿಪಾಠ ಆಗಿರುತ್ತದೆ. ಅದನ್ನು ಬೋರ್ಡಿನ ಮೇಲೆ ಬರೆಯಬೇಡಿ. ಮಾತಿನಿಂದ ಶುರು ಮಾಡಿ.

ನಮ್ಮ ಮಕ್ಕಳನ್ನು ಹೇಗಿದ್ದೀಯಾ ಅಂತ ಕೇಳಿದರೆ ಎರಡೇ ಉತ್ತರ: "ಚೆನ್ನಾಗಿದೀನಿ", ಇಲ್ಲಾಂದರೆ "ಬೇಜಾರು". ಗೆಳತಿ ಮಾತು ಬಿಟ್ಟರೂ ಬೇಜಾರು, ಮಳೆ ಬಂದು ಆಟದ ಪೀರಿಯಡ್ ಹೋದರೂ ಬೇಜಾರು, ಅಜ್ಜ ತೀರಿಕೊಂಡರೂ ಬೇಜಾರು, ಕನ್ನಡ ಪಾಠ ಸಪ್ಪೆ ಅನಿಸಿದರೂ ಬೇಜಾರು. ಒಂದು ಮಾತಿನ ಒಳಗೆ ಇಷ್ಟೆಲ್ಲ ತುಂಬಿಕೊಂಡಿರುವಾಗ ಮಗುವಿಗೆ ತನಗೆ ಏನಾಗುತ್ತಿದೆ ಅಂತ ತನಗೇ ಗೊತ್ತಾಗುವುದಿಲ್ಲ. ಗೊತ್ತಾಗದೇ ಇದ್ದಾಗ ಅದು ಹೊಟ್ಟೆನೋವಾಗಿ ಬರುತ್ತದೆ, ಪಕ್ಕದವನ ಬೆನ್ನಿಗೆ ಗುದ್ದಾಗಿ ಬರುತ್ತದೆ.

ಹಾಗಾಗಿ ನಾನು ಎರಡನೇ ಕ್ಲಾಸಿನಿಂದಲೇ ಬೇಜಾರನ್ನು ಬಿಡಿಸುತ್ತೇನೆ. ಕೊಬ್ಬರಿ ಡಬ್ಬಿಯಂಥ ಒಂದು ಡಬ್ಬಿ, ಅದರ ಮೇಲೆ "ಬೇಜಾರು" ಅಂತ ಚೀಟಿ. ಒಳಗೆ ಚಿಕ್ಕ ಚೀಟಿಗಳು: ಸಿಟ್ಟು, ಹೆದರಿಕೆ, ನಾಚಿಕೆ, ಹೊಟ್ಟೆಕಿಚ್ಚು, ತಳಮಳ, ಅವಮಾನ, ಗಾಬರಿ, ಯಾರೂ ಇಲ್ಲ ಅನಿಸೋದು. ಒಬ್ಬೊಬ್ಬರು ಒಂದು ಚೀಟಿ ತೆಗೆದು, ಅದು ಮೈಯಲ್ಲಿ ಎಲ್ಲಿ ಕೂತುಕೊಳ್ಳುತ್ತೆ ಅಂತ ಕೈಯಿಟ್ಟು ತೋರಿಸಬೇಕು. ಸಿಟ್ಟಿಗೆ ಹೆಚ್ಚಿನವರು ಹಲ್ಲು, ಮುಷ್ಟಿ ತೋರಿಸುತ್ತಾರೆ. ಹೆದರಿಕೆಗೆ ಹೊಟ್ಟೆ. ಅವಮಾನಕ್ಕೆ ಒಂದು ಹುಡುಗಿ ಕಿವಿ ಮುಟ್ಟಿ ತೋರಿಸಿದಳು, "ಬಿಸಿ ಆಗ್ತಾವೆ ಮಿಸ್" ಅಂದಳು. ಆಮೇಲೆ ಒಂದು ತಿಂಗಳಿಗೆ ಅದೇ ಹುಡುಗಿ ಓಡಿ ಬಂದು "ಮಿಸ್, ಕಿವಿ ಬಿಸಿ ಆಯ್ತು" ಅಂದಾಗ ನನಗೆ ಮುಂದಿನ ಪ್ರಶ್ನೆ ಬೇಕಾಗಲಿಲ್ಲ, ಕ್ಲಾಸಿನಲ್ಲಿ ಯಾರೋ ಅವಳಿಗೆ ಅಡ್ಡಹೆಸರು ಇಟ್ಟು ಎಲ್ಲರೂ ನಕ್ಕಿದ್ದಾರೆ ಅಂತ ಗೊತ್ತಾಯಿತು.

ಉರ್ದು, ಲಂಬಾಣಿ ಮನೆಮಾತಿನ ಮಕ್ಕಳಿಗೆ ಆ ಮಾತಿನ ಪದವನ್ನೇ ಕೇಳಿ ಚೀಟಿಯ ಹಿಂದೆ ಕನ್ನಡ ಲಿಪಿಯಲ್ಲಿ ಬರೆಸಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕೆಲಸ ಮಾಡುವವರಿಗೆ ತೆಲುಗೂ ಬೇಕಾಗುತ್ತದೆ. ಒಂದನೇ ಕ್ಲಾಸಿನಲ್ಲಿ "ಈ ಮಗು ಮಾತೇ ಆಡಲ್ಲ" ಅಂತ ನನ್ನ ಹತ್ತಿರ ಕಳಿಸಿದವರಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಚಿಲಿಪಿಲಿ ಅಂತ ಮಾತಾಡುವವರೇ. ಶಾಲೆಯ ಕನ್ನಡ ಅವರಿಗೆ ಇನ್ನೂ ಹೊಸದು, ಅಷ್ಟೇ.

ಒಬ್ಬೊಬ್ಬರ ಜೊತೆ ಕೂತಾಗ

ಹದಿನೈದು, ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಎದುರು ಬದುರು ಕೂರಬೇಡಿ, ಪಕ್ಕ ಕೂರಿ. ಕೈಗೆ ಏನಾದರೂ ಕೊಡಿ: ಎರೆಮಣ್ಣು ಕಲಸಿ ಇಟ್ಟುಕೊಂಡರೆ ಅಂಗಡಿಯ ಕ್ಲೇ ಬೇಕಿಲ್ಲ.

"ಯಾಕೆ" ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ. "ಯಾಕೆ ಹೊಡ್ದೆ?" ಅಂದರೆ ಮಗು ತಪ್ಪಿಸಿಕೊಳ್ಳಲು ಉತ್ತರ ಹುಡುಕುತ್ತದೆ. "ಏನಾಯ್ತು ಹೇಳು, ಮೊದಲಿಂದ" ಅನ್ನಿ. ಅವನು ನಿಂತಾಗ "ಆಮೇಲೆ?" ಅನ್ನಿ. ಮತ್ತೆ ನಿಂತರೆ ಸುಮ್ನೆ ಇರಿ. ಸುಮ್ನೆ ಇರುವುದು ಇಡೀ ಕೆಲಸದಲ್ಲಿ ಕಷ್ಟದ್ದು, ನಾಲಿಗೆಯ ತುದಿಯಲ್ಲಿ ಬುದ್ಧಿಮಾತು ಕುಣಿಯುತ್ತಿರುತ್ತದೆ.

ಮನೆಯ ವಿಷಯ ತಿಳಿಯಲು ನಾನು ಹುಣಸೆ ಬೀಜ ಬಳಸುತ್ತೇನೆ. ಒಂದು ಹಿಡಿ ಬೀಜ ಕೊಟ್ಟು, "ನಿಮ್ಮ ಮನೇಲಿ ರಾತ್ರಿ ಯಾರು ಯಾರ ಪಕ್ಕ ಮಲಗ್ತಾರೆ, ಜೋಡಿಸು ನೋಡೋಣ" ಅನ್ನುತ್ತೇನೆ. ಒಂದು ಬೀಜ ಅಪ್ಪ, ಒಂದು ಅವ್ವ, ಚಿಕ್ಕದು ತಂಗಿ. ಹಳ್ಳಿ ಶಾಲೆಯ ಪಕ್ಕದ ತಾಂಡಾದಿಂದ ಬರುವ ನಾಲ್ಕನೇ ಕ್ಲಾಸಿನ ಹುಡುಗಿ ಎರಡೇ ಬೀಜ ಇಟ್ಟಳು, ಅವಳು ಮತ್ತು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೆರಡು ಬೀಜ ತೆಗೆದುಕೊಂಡು ಚಾಪೆಯ ಆಚೆ ತುದಿಗೆ, ಕೈ ಚಾಚಿದಷ್ಟು ದೂರ ಇಟ್ಟಳು. "ಅವರು ಕಾಫಿ ಹಣ್ಣು ಬಿಡಿಸಾಕೆ ಹೋಗ್ಯಾರೆ." ನಮ್ಮ ಬಯಲುಸೀಮೆಯಿಂದ ಚಿಕ್ಕಮಗಳೂರು, ಕೊಡಗಿನ ಕಡೆ ಗುಳೆ ಹೋಗುವ ಮನೆಗಳಲ್ಲಿ ಚಳಿಗಾಲ ಅಂದರೆ ಇದು. ಅವಳು ಹೋಂವರ್ಕ್ ಮಾಡದೇ ಬರುತ್ತಾಳೆ ಅನ್ನುವುದು ದೂರು. ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಸಂಜೆ ಅಡುಗೆ ಇವಳದೇ. ಕ್ಲಾಸ್ ಟೀಚರ್ ಜೊತೆ ಮಾತಾಡಿ, ಕೊನೆಯ ಪೀರಿಯಡ್‌ನಲ್ಲಿ ಶಾಲೆಯಲ್ಲೇ ಬರೆದು ಮುಗಿಸುವ ಹಾಗೆ ಮಾಡಿದೆವು. ವಾರಕ್ಕೊಮ್ಮೆ ಟೀಚರ್ ಫೋನಿನಿಂದ ಅಪ್ಪ ಅವ್ವನ ಜೊತೆ ಮಾತು. ಅಷ್ಟೇ ಮಾಡಿದ್ದು.

ಗುಟ್ಟು ಎಲ್ಲಿಯವರೆಗೆ

ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಮೊದಲ ವರ್ಷ ಒಬ್ಬ ಹುಡುಗ, ಅಪ್ಪ ಕುಡಿದು ಬಂದು ಊಟದ ತಟ್ಟೆ ಎಸೆಯುತ್ತಾನೆ ಅಂತ ಹೇಳಿದ. ನಾನು ಅವನ ತಾಯಿಯನ್ನು ಕರೆಸಿ, "ನಿಮ್ಮ ಮಗ ಹೀಗೆ ಹೇಳಿದ" ಅಂದುಬಿಟ್ಟೆ. ಮನೆಯ ಮಾನ ಶಾಲೆಯಲ್ಲಿ ಹರಾಜು ಹಾಕಿದೆ ಅಂತ ಆ ರಾತ್ರಿ ಅವನಿಗೆ ಏಟು ಬಿತ್ತು. ಮರುದಿನ ಕಾರಿಡಾರಿನಲ್ಲಿ ನನ್ನನ್ನು ನೋಡಿ ಅವನು ದಾರಿ ಬದಲಿಸಿದ. ಆ ವರ್ಷ ಮತ್ತೆ ನನ್ನ ರೂಮಿಗೆ ಬರಲಿಲ್ಲ. ಇದನ್ನು ನಾನು ಮರೆತಿಲ್ಲ.

ಮಗು ಹೇಳಿದ್ದನ್ನು ಮನೆಗೆ ತಲುಪಿಸುವ ಮುಂಚೆ ಮಗುವನ್ನೇ ಕೇಳಿ: "ಅವ್ವನ ಹತ್ರ ಮಾತಾಡ್ಲಾ? ಏನು ಹೇಳ್ಲಿ, ಏನು ಹೇಳಬಾರದು?" ಆರು ವರ್ಷದ ಮಗುವಿಗೂ ಇದಕ್ಕೆ ಉತ್ತರ ಗೊತ್ತಿರುತ್ತದೆ. ಮೊದಲ ದಿನವೇ ಗುಟ್ಟಿನ ಗಡಿಯನ್ನೂ ಹೇಳಿಬಿಡಿ, ಅದು ಮಗುವಿನ ಮಾತಿನಲ್ಲೇ ಇರಲಿ: "ನೀನು ಹೇಳಿದ್ದನ್ನ ನಾನು ಊರಿಗೆಲ್ಲ ಹೇಳಲ್ಲ. ಆದ್ರೆ ಯಾರಾದ್ರೂ ನಿನಗೆ ನೋವು ಮಾಡ್ತಿದ್ರೆ, ನಿನಗೆ ನೀನೇ ನೋವು ಮಾಡ್ಕೋಬೇಕು ಅನ್ಸಿದ್ರೆ, ಬೇರೆಯವರಿಗೆ ನೀನು ನೋವು ಮಾಡೋ ಹಾಗಿದ್ರೆ, ಆಗ ಸಹಾಯ ಮಾಡೋರಿಗೆ ನಾನು ಹೇಳಲೇಬೇಕು. ಹೇಳೋ ಮುಂಚೆ ನಿನಗೆ ತಿಳಿಸ್ತೀನಿ."

ಈ ಮೂರರಲ್ಲಿ ಮೊದಲನೆಯದು ಲೈಂಗಿಕ ದೌರ್ಜನ್ಯ ಆಗಿದ್ದರೆ, ಅಲ್ಲಿ ಯೋಚನೆ ಮಾಡಲು ಜಾಗವೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಅದೇ ಅಪರಾಧ, ಆರು ತಿಂಗಳವರೆಗೆ ಜೈಲಾಗಬಹುದು. ಸಂಸ್ಥೆ ನಡೆಸುವವರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹೆಡ್‌ಮಿಸ್‌ಗೆ ಹೇಳಿದೆ, ನನ್ನ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ವರದಿ ಹೋಗಿದೆಯಾ ಅಂತ ನೋಡಿಕೊಳ್ಳುವುದು ನಿಮ್ಮ ಹೊಣೆಯೂ ಹೌದು.

ಆ ಹೊತ್ತಿನಲ್ಲಿ ಏನು ಮಾಡಬೇಕು ಅಂದರೆ: ಮಗು ಹೇಳುವಷ್ಟು ಕೇಳಿ, ಕೆದಕಬೇಡಿ. "ನೀನು ಹೇಳಿದ್ದು ಒಳ್ಳೇದಾಯ್ತು, ಇದು ನಿನ್ನ ತಪ್ಪಲ್ಲ" ಅನ್ನಿ. ಮಗು ಬಳಸಿದ ಪದಗಳನ್ನೇ, ಅದರ ಆಡುಮಾತಿನಲ್ಲೇ, ತಾರೀಖು ಸಮಯ ಹಾಕಿ ಬರೆದಿಡಿ. ನೀವು ಶುದ್ಧ ಮಾಡಿ ಬರೆದರೆ ಅರ್ಥವೇ ಬದಲಾಗುತ್ತದೆ. ಇನ್ನೊಬ್ಬ ಟೀಚರ್ ಮುಂದೆ, ಮತ್ತೊಬ್ಬರ ಮುಂದೆ ಅದೇ ಕತೆ ಹೇಳಿಸಬೇಡಿ. ಮಕ್ಕಳ ಸಹಾಯವಾಣಿ 1098, ಪೊಲೀಸ್ 112. ಪೊಲೀಸರು ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಇಷ್ಟವಾದ ಜಾಗದಲ್ಲೋ ತಗೊಳ್ಳಬೇಕು, ಸಮವಸ್ತ್ರದಲ್ಲಿ ಬರಬಾರದು, ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು ಅಂತ ಕಾಯ್ದೆಯಲ್ಲೇ ಇದೆ. ಮನೆಯವರಿಗೆ ಇದನ್ನು ಹೇಳಿ, ಅರ್ಧ ಗಾಬರಿ ಇಳಿಯುತ್ತದೆ. ಊರಿನ ಹಿರಿಯರು "ಪಂಚಾಯ್ತಿ ಮಾಡಿ ಬಗೆಹರಿಸೋಣ, ಹುಡುಗಿ ಭವಿಷ್ಯ" ಅಂತ ಬಂದರೆ ಅದಕ್ಕೆ ಒಪ್ಪಬೇಡಿ. ಆ ಪಂಚಾಯ್ತಿಯಲ್ಲಿ ಹುಡುಗಿಯ ಪರ ಮಾತಾಡುವವರು ಯಾರೂ ಇರುವುದಿಲ್ಲ.

ಟೀಚರ್‌ಗಳು ನಿಮ್ಮ ಎದುರಾಳಿಗಳಲ್ಲ

ಐವತ್ತು ಮಕ್ಕಳ ಕ್ಲಾಸು, ಮೇಲಿಂದ ಪೋರ್ಷನ್ ಮುಗಿಸುವ ಗಡಿಬಿಡಿ. ಅದರ ನಡುವೆ ಒಬ್ಬ ಟೀಚರ್ ನಿಮ್ಮ ಹತ್ತಿರ ಬಂದು ಒಂದು ಮಗುವಿನ ಬಗ್ಗೆ ಹೇಳುತ್ತಾರೆ ಅಂದರೆ ಅವರಿಗೆ ಆ ಮಗುವಿನ ಮೇಲೆ ಕಾಳಜಿ ಇದೆ ಅಂತಲೇ ಅರ್ಥ, ಅವರು ಹೇಳುವ ಮಾತು ಎಷ್ಟೇ ಒರಟಾಗಿರಲಿ. ಅವರಿಗೆ ಒಂದು ಸಣ್ಣ ಕೆಲಸ ಕೊಡಿ: ಮೂರು ದಿನ, ಒಂದು ಚೀಟಿಯಲ್ಲಿ, ಯಾವ ಪೀರಿಯಡ್‌ನಲ್ಲಿ ಆಯಿತು, ಅದಕ್ಕೆ ಮುಂಚೆ ಏನು ನಡೀತಿತ್ತು, ಆಮೇಲೆ ಏನಾಯಿತು. ಅಷ್ಟು ಬರೆದರೆ ಸಾಕು.

ನಮ್ಮಲ್ಲಿ ಒಬ್ಬ ಎರಡನೇ ಕ್ಲಾಸಿನ ಹುಡುಗ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಿದ್ದ. ಸೋಮಾರಿ ಅಂತ ಹೆಸರು ಬಿದ್ದಿತ್ತು. ಮೂರು ದಿನದ ಚೀಟಿ ನೋಡಿದರೆ ನಿದ್ದೆ ಬರೀ ಮೊದಲ ಎರಡು ಪೀರಿಯಡ್, ಮಧ್ಯಾಹ್ನ ಹುಡುಗ ಚುರುಕು. ಮನೆ ಮಂಡಕ್ಕಿ ಭಟ್ಟಿಯ ಪಕ್ಕ. ಅಪ್ಪ ಅವ್ವ ಬೆಳಗಿನ ಜಾವವೇ ಎದ್ದು ಭಟ್ಟಿ ಹೊತ್ತಿಸುತ್ತಾರೆ, ಮರಳು ಕಾಯಿಸಿ ಅಕ್ಕಿ ಹುರಿಯುವ ಸದ್ದು, ಹೊಗೆ, ಮಗುವಿಗೂ ಅಲ್ಲಿಗೇ ಎಚ್ಚರ. ರಾತ್ರಿ ಮಾತ್ರ ಎಲ್ಲರ ಜೊತೆ ಹತ್ತೂವರೆಗೆ ಮಲಗುತ್ತಾನೆ. ಅಪ್ಪನ ಜೊತೆ ಮಾತಾಡಿದಾಗ ಎಂಟು ಗಂಟೆಗೆ ಮಲಗಿಸಲು, ದೊಡ್ಡಮ್ಮನ ಮನೆಯಲ್ಲಿ ಮಲಗಿಸಲು ಒಪ್ಪಿಕೊಂಡರು. ಟೀಚರ್ ಮೊದಲ ಪೀರಿಯಡ್‌ನಲ್ಲಿ ಅವನ ಕೈಯಲ್ಲಿ ಬೋರ್ಡ್ ಒರೆಸುವ, ಪುಸ್ತಕ ಹಂಚುವ ಕೆಲಸ ಮಾಡಿಸಲು ಶುರು ಮಾಡಿದರು. ಒಂದು ತಿಂಗಳಲ್ಲಿ ಆ ಹೆಸರು ಹೋಯಿತು.

ಟೀಚರ್ ಹೊಡೆಯುವುದನ್ನು ನೋಡಿದರೆ ಸುಮ್ನಿರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಮಕ್ಕಳ ಮುಂದೆ ಹೇಳಬೇಡಿ. ಆ ಸಂಜೆ ಒಬ್ಬರೇ ಸಿಕ್ಕಾಗ, ಟೀ ಕುಡಿಯುತ್ತಾ ಮಾತಾಡಿ. ಮತ್ತೆ ನಡೆದರೆ ಹೆಡ್‌ಮಿಸ್‌ಗೆ ಬರವಣಿಗೆಯಲ್ಲಿ ಕೊಡಿ. ಇದರಿಂದ ಸ್ಟಾಫ್‌ರೂಮಿನಲ್ಲಿ ಕೆಲವು ದಿನ ನಿಮ್ಮ ಜೊತೆ ಮಾತು ಕಡಿಮೆಯಾಗಬಹುದು. ಮಕ್ಕಳು ಗಮನಿಸುತ್ತಾರೆ, ಅದು ಮುಖ್ಯ.

ಮನೆಯವರನ್ನು ಕರೆಸುವಾಗ

ಫೋನಿನಲ್ಲಿ "ನಿಮ್ಮ ಮಗನ ಬಗ್ಗೆ ಮಾತಾಡಬೇಕು, ಬನ್ನಿ" ಅನ್ನಬೇಡಿ. ನೀವು ಮಾತಾಡುವ ಮುಂಚೆಯೇ ಮನೆಯಲ್ಲಿ ಮಗುವಿಗೆ ಬಿದ್ದಿರುತ್ತದೆ. "ಅವನು ಚಿತ್ರ ಚೆನ್ನಾಗಿ ಬಿಡಿಸ್ತಾನೆ, ಒಮ್ಮೆ ಬಂದು ನೋಡಿ, ಹಾಗೇ ಮಾತಾಡೋಣ" ಅನ್ನಿ, ಮತ್ತು ಬಂದಾಗ ನಿಜವಾಗಿಯೂ ಚಿತ್ರ ತೋರಿಸಿ. ಕೂಲಿಗೆ ಹೋಗುವವರಿಗೆ ಹನ್ನೊಂದು ಗಂಟೆಗೆ ಬನ್ನಿ ಅಂದರೆ ಒಂದು ದಿನದ ಕೂಲಿ ಹೋಯಿತು. ಭತ್ತ ನಾಟಿ, ಮೆಕ್ಕೆಜೋಳ ಮುರಿಯುವ ದಿನಗಳಲ್ಲಿ ಯಾರೂ ಬರುವುದಿಲ್ಲ, ಬೈದುಕೊಳ್ಳಬೇಡಿ, ನೀವೇ ಸಂಜೆ ಹೋಗಿ. ಅಪ್ಪ ಬರದಿದ್ದರೆ ಅಜ್ಜಿಯ ಜೊತೆ ಮಾತಾಡಿ. ಎಷ್ಟೋ ಮನೆಗಳಲ್ಲಿ ಮಗುವನ್ನು ನಿಜವಾಗಿ ನೋಡಿಕೊಳ್ಳುವವರು ಅವರೇ.

ನವೋದಯದ ಬಗ್ಗೆ ಒಂದು ಮಾತು. ಐದನೇ ಕ್ಲಾಸು ಬಂದರೆ ನಮ್ಮ ಕಡೆ ನವೋದಯ, ಮೊರಾರ್ಜಿ ವಸತಿ ಶಾಲೆಗಳ ಪರೀಕ್ಷೆಗೆ ಕೋಚಿಂಗ್ ಶುರು. ಬೆಳಿಗ್ಗೆ ಆರಕ್ಕೆ ಕೋಚಿಂಗ್, ಆಮೇಲೆ ಶಾಲೆ, ಸಂಜೆ ಮತ್ತೆ ಕೋಚಿಂಗ್. ನವೋದಯ ಪರೀಕ್ಷೆ ಎರಡು ಗಂಟೆಯದ್ದು, 80 ಪ್ರಶ್ನೆ, 100 ಅಂಕ, ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಇಡೀ ಜಿಲ್ಲೆಯ ಮಕ್ಕಳು ಬರೆಯುತ್ತಾರೆ. ಈ ಲೆಕ್ಕವನ್ನು ಪೋಷಕರ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿ. ಬರೆಯಬೇಡಿ ಅಂತ ಹೇಳುವುದಲ್ಲ. ಸಿಗದಿದ್ದರೆ ಮಗುವಿಗೆ ಏನು ಹೇಳುತ್ತೀರಿ ಅನ್ನುವುದನ್ನು ಪರೀಕ್ಷೆಗೆ ಮುಂಚೆಯೇ ಯೋಚಿಸಿಕೊಳ್ಳಿ ಅನ್ನಬೇಕು. ಹತ್ತು ವರ್ಷದ ಮಗು "ನಾನು ಫೇಲು" ಅನ್ನುವುದನ್ನು ಕೇಳಲು ಆಗುವುದಿಲ್ಲ.

ಓದಲು ಬಾರದ ಮಗು

ಮೂರನೇ ಕ್ಲಾಸಾದರೂ ಅಕ್ಷರ ಕೂಡಿಸಲು ಬರುವುದಿಲ್ಲ ಅಂದರೆ ಮೊದಲು ಕಣ್ಣು, ಕಿವಿ ತೋರಿಸಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಆರ್.ಬಿ.ಎಸ್.ಕೆ. (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ವೈದ್ಯರ ತಂಡ ಬರುತ್ತದೆ, ಆ ದಿನಕ್ಕೆ ಹೆಸರುಗಳ ಪಟ್ಟಿ ರೆಡಿ ಇಟ್ಟುಕೊಳ್ಳಿ. ಬಿ.ಆರ್.ಸಿ.ಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರ ನಂಬರ್ ಇಟ್ಟುಕೊಳ್ಳಿ. ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿದೆ, ಪ್ರಮಾಣಪತ್ರ ಸಿಕ್ಕರೆ ಮುಂದೆ ಪರೀಕ್ಷೆಯಲ್ಲಿ ಅನುಕೂಲ ಕೇಳಬಹುದು. ಆದರೆ ನೀವೇ "ಇದು ಡಿಸ್ಲೆಕ್ಸಿಯಾ" ಅಂತ ಹೇಳಬೇಡಿ. ಅದನ್ನು ಪರೀಕ್ಷೆ ಮಾಡಿ ಹೇಳುವವರು ಬೇರೆ. ನೀವು ಆ ಬಾಗಿಲವರೆಗೆ ಕೈ ಹಿಡಿದು ಕರೆದುಕೊಂಡು ಹೋಗಬೇಕು.

ಮಾನಸಿಕ ಆರೋಗ್ಯಕ್ಕೂ ಹಾಗೇ. ಮಗು ಊಟ ನಿದ್ದೆ ಬಿಟ್ಟಿದೆ, ಸಾಯುವ ಮಾತಾಡುತ್ತದೆ, ತನ್ನನ್ನು ತಾನೇ ಗಾಯ ಮಾಡಿಕೊಳ್ಳುತ್ತದೆ ಅಂದರೆ ಅದು ನಿಮ್ಮ ಚಾಪೆಯ ಮೇಲೆ ಮುಗಿಯುವ ವಿಷಯ ಅಲ್ಲ. ಮನೆಯವರಿಗೆ ಅವತ್ತೇ ತಿಳಿಸಿ, ಮಗುವನ್ನು ಒಂಟಿ ಬಿಡಬೇಡಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಜೊತೆಗೇ ಹೋಗಿ. ದಾವಣಗೆರೆಯವರಿಗೆ ಚಿಗಟೇರಿ ಆಸ್ಪತ್ರೆ ಗೊತ್ತೇ ಇದೆ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮಗೆ ಏನು ಮಾಡಬೇಕು ಅಂತ ತೋಚದೇ ಇದ್ದಾಗ ನೀವೂ ಫೋನ್ ಮಾಡಬಹುದು.

ಸಾವಿನ ಮನೆಯಿಂದ ಬಂದ ಮಗು

ಒಂದನೇ ಕ್ಲಾಸಿನ ಹುಡುಗಿಯ ಅಪ್ಪ ಹೈವೇಯಲ್ಲಿ ಅಪಘಾತವಾಗಿ ತೀರಿಕೊಂಡರು. ಮನೆಯವರು ಅವಳಿಗೆ "ಅಪ್ಪ ಬೆಂಗಳೂರಿಗೆ ಹೋಗ್ಯಾರೆ" ಅಂದಿದ್ದರು. ಚಿಕ್ಕ ಮಗು, ಯಾಕೆ ನೋವು ಅಂತ. ಅವಳು ದಿನಾ ಸಂಜೆ ಗೇಟಿನ ಹತ್ತಿರ ಬ್ಯಾಗ್ ಹಾಕಿಕೊಂಡು ನಿಂತು, ಆಟೋದವರು ಕರೆದರೂ ಹತ್ತುತ್ತಿರಲಿಲ್ಲ, ಅಪ್ಪ ಬೈಕ್ ತರುತ್ತಾರೆ ಅನ್ನುತ್ತಿದ್ದಳು. ಮಗುವಿನ ಮನಸ್ಸಿನಲ್ಲಿ, ಬರುತ್ತೇನೆ ಅಂದ ಅಪ್ಪ ತನ್ನನ್ನು ಬಿಟ್ಟುಬಿಟ್ಟ ಅಂತ ಆಗಿತ್ತು.

"ದೇವರ ಹತ್ರ ಹೋದ್ರು", "ಮಲಗಿಬಿಟ್ರು", "ಊರಿಗೆ ಹೋದ್ರು" ಇವು ಯಾವುದೂ ಬೇಡ. ಮಲಗಿದರು ಅಂದರೆ ಮಗು ರಾತ್ರಿ ಮಲಗಲು ಹೆದರುತ್ತದೆ. ಮಗು ನಂಬುವ ಒಬ್ಬರು, ಸಾಧ್ಯವಾದರೆ ಅವ್ವ, ಮಡಿಲಲ್ಲಿ ಕೂರಿಸಿಕೊಂಡು "ಅಪ್ಪ ಸತ್ತು ಹೋದರು. ಅವರ ಮೈ ಇನ್ನು ಕೆಲಸ ಮಾಡಲ್ಲ, ಅವರು ವಾಪಸ್ ಬರಲ್ಲ. ಇದು ನಿನ್ನಿಂದ ಆಗಿದ್ದಲ್ಲ" ಅಂತ ಹೇಳಬೇಕು. ಈ ಮಾತನ್ನು ಹೇಳಲು ಆ ತಾಯಿಗೆ ನಾಲ್ಕು ದಿನ ಬೇಕಾಯಿತು. ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಮಗು ಅತ್ತಳು, ಆಮೇಲೆ "ಬೈಕು ಎಲ್ಲೈತೆ?" ಅಂದಳು, ಆಮೇಲೆ ಬಾಳೆಹಣ್ಣು ಕೇಳಿದಳು. ಮಕ್ಕಳ ದುಃಖ ಹೀಗೇ, ಬಂದು ಬಂದು ಹೋಗುತ್ತದೆ. ಆಡುತ್ತಿದ್ದಾಳೆ, ಇನ್ನು ಸರಿಹೋದಳು ಅಂದುಕೊಳ್ಳಬೇಡಿ. ಕ್ಲಾಸಿನ ಮಕ್ಕಳಿಗೂ ಮೊದಲೇ ಹೇಳಿಡಿ, ಅವಳು ಬಂದ ದಿನ ಎಲ್ಲರೂ ಸುತ್ತ ನಿಂತು ಪ್ರಶ್ನೆ ಕೇಳದ ಹಾಗೆ.

ನೋಟ್‌ಬುಕ್ ವಿಷಯ ಚಿಕ್ಕದಾಗಿ: ಹೆಸರು ಬರೆಯಬೇಡಿ, ನಂಬರ್ ಹಾಕಿ. ಬೀರುವಿಗೆ ಬೀಗ ಇರಲಿ. ನಿಮ್ಮ ಅನಿಸಿಕೆ ಬೇರೆ, ಮಗು ಹೇಳಿದ್ದು ಬೇರೆ, ಎರಡನ್ನೂ ಬೇರೆ ಬೇರೆ ಕಡೆ ಬರೆಯಿರಿ.

ಇನ್ನು ವರ್ಷದ ಕೊನೆ. ಏಪ್ರಿಲ್ ಹತ್ತರ ರಿಸಲ್ಟ್ ದಿನ ಎಲ್ಲರಿಗೂ ಖುಷಿ ಅಂದುಕೊಳ್ಳುತ್ತೇವೆ. ಕೆಲವು ಮಕ್ಕಳಿಗೆ ಬೇಸಿಗೆ ರಜೆ ಅಂದರೆ ಮಧ್ಯಾಹ್ನದ ಬಿಸಿಯೂಟ ಇಲ್ಲ, ಮನೆಯಲ್ಲಿ ಜಗಳದಿಂದ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಮಾರ್ಚ್ ಕೊನೆಗೇ ಅಂಥ ಮಕ್ಕಳ ಪಟ್ಟಿ ಮಾಡಿಕೊಳ್ಳಿ. ಒಬ್ಬೊಬ್ಬರಿಗೂ ರಜೆಯಲ್ಲಿ ಹೋಗಲು ಒಂದು ಮನೆ, ಮಾತಾಡಲು ಒಬ್ಬ ದೊಡ್ಡವರು ಯಾರು ಅಂತ ಮಗುವಿನಿಂದಲೇ ಹೇಳಿಸಿ. 1098 ಬಾಯಿಪಾಠ ಆಗಿದೆಯಾ ಕೇಳಿ. ಆಮೇಲೆ ಒಂದು ಚೀಟಿಯಲ್ಲಿ ಶಾಲೆ ಶುರುವಾಗುವ ತಾರೀಖು, ಕೆಳಗೆ "ಅವತ್ತು ನಾನು ಇಲ್ಲೇ ಇರ್ತೀನಿ" ಅಂತ ಬರೆದು ಕೊಡಿ. ಹೋದ ವರ್ಷ ಒಬ್ಬ ಹುಡುಗ ಆ ಚೀಟಿಯನ್ನು ಮಡಿಚಿ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದ, ಶಾಲೆ ಶುರುವಾದ ದಿನ ಎಂಟೂವರೆಗೇ ಬಂದು ನನ್ನ ಬಾಗಿಲಲ್ಲಿ ಕೂತಿದ್ದ. ಆದ್ದರಿಂದ ಆ ದಿನ ರಜೆ ಹಾಕಬೇಡಿ.